ಫ್ರೀಜರಿನ ಪಕ್ಕದ ಪುಸ್ತಕ

ಉಮ್ಮ್ ಅಲ್ ಕುವೈನಿನ ಹಿನ್ನೀರ ದಂಡೆ.
ಹಳೆಯ ಮೀನು ಗೋದಾಮೇ ನಮ್ಮ ಪ್ರಯೋಗಶಾಲೆ,
ಎಷ್ಟು ತೊಳೆದರೂ ಗೋಡೆಗೆ ಅಂಜಲಿನ ನೆನಪು.
ಸಮುದ್ರವನ್ನೇ ಇಪ್ಪತ್ತೆರಡಕ್ಕೆ ಕಂಡ
ಚಳ್ಳಕೆರೆಯ ನಾನು ಇಲ್ಲಿ ಐವರಿಗೆ ಹಿರಿಯಳು.
ಕಡಲಹುಲ್ಲು ಎಷ್ಟು ಬಿಸಿ ತಡೆಯುತ್ತದೆ
ಎಂದು ನೋಡುವುದು ಕೆಲಸ. ಅಷ್ಟೆ.

ಅಷ್ಟೆ ಅಂದುಕೊಂಡಿದ್ದೆ.
ಸುಡಾನಿನ ಇಹ್ಸಾನ್‌ಗೆ ಅಂಕಿ ಬೇಕು, ಅಂಕಿಗೂ ಮೊದಲು ಕಾಫಿ.
ಶಮ್ಮಾ ಈ ಊರಿನವಳೇ, ಹುಲ್ಲಿನ ಹೆಸರನ್ನು
ಅಜ್ಜನ ಬಾಯಿಂದ ಕಲಿತವಳು, ಲ್ಯಾಟಿನ್ ಆಮೇಲೆ.
ಇಲೊಯ್ಲೊದ ರೊಡೆಲ್ ಕೆಟ್ಟ ಯಂತ್ರದ ಎದೆಗೆ ಕಿವಿಯಿಟ್ಟು
ಎಲ್ಲಿ ನೋವು ಎಂದು ಕೇಳುವವನು.
ಬ್ರಿಗಿಟ್ಟೆ ವರ್ಷಕ್ಕೆರಡು ಸಲ ಹಾರಿಬಂದು
ಎಲ್ಲರ ಡಬ್ಬಿಗೂ ಹೊಸ ಲೇಬಲ್ ಅಂಟಿಸಿ ಹೋಗುವವಳು.
ದೋಣಿಯ ಖಮೀಸ್ ಯಾರ ಪಟ್ಟಿಯಲ್ಲೂ ಇಲ್ಲ,
ಅವನು ಹಗ್ಗ ಬಿಚ್ಚದೆ ಯಾರೂ ದಂಡೆ ಬಿಡುವಂತಿಲ್ಲ.

ಮೊದಲ ವರ್ಷ ನಾನು ತಂಡ ಕಟ್ಟಿದ್ದು ಗೋಡೆಯ ಮೇಲೆ:
ಬಣ್ಣದ ಚೌಕ, ಬಾಣ, ಸೋಮವಾರ ಎಂಟಕ್ಕೆ ಸಭೆ.
ಫ್ರೀಜರಿನ ಪಕ್ಕ, ದಾರ ಕಟ್ಟಿದ ಪೆನ್ನಿನ ಜೊತೆ
ಒಂದು ನೋಟ್‌ಬುಕ್ಕನ್ನೂ ತೂಗಿಬಿಟ್ಟೆ:
ತಪ್ಪಾದರೆ ಇಲ್ಲಿ ಬರೆಯಿರಿ, ಯಾರೂ ಬಯ್ಯುವುದಿಲ್ಲ.
ಏಳು ತಿಂಗಳು ಒಂದಕ್ಷರ ಬೀಳಲಿಲ್ಲ.
ತಪ್ಪೇ ಮಾಡದ ತಂಡವೆಂದು
ವರದಿಯಲ್ಲಿ ಹೆಮ್ಮೆಪಟ್ಟೆ.

ಆಗಸ್ಟಿನ ಒಂದು ಶನಿವಾರ
ಮೈನಸ್ ಎಂಬತ್ತರ ಪೆಟ್ಟಿಗೆ
ಕಾಲ ಬುಡದಲ್ಲಿ ನೀರು ಬಿಟ್ಟುಕೊಂಡು ನಿಂತಿತ್ತು.
ಎರಡು ಬೇಸಿಗೆಯ ಹುಲ್ಲು, ನಾನೂರ ಹನ್ನೆರಡು ಕೊಳವೆ,
ಹಳಸಿದ ಸೊಪ್ಪಿನ ಸಾರಿನ ವಾಸನೆ.
ತುಟಿ ಬಿಚ್ಚದೆಯೇ ಎಲ್ಲರೂ
ರೊಡೆಲ್ ಮೇಲೆ ಗೂಬೆ ಕೂರಿಸಿದರು,
ಯಂತ್ರ ಅವನ ಪಾಲಿನದಲ್ಲವೆ?
ಅವನೂ ಕೂರಿಸಿಕೊಂಡ.
ವೀಸಾ ತೂಕವಿಲ್ಲದ ಕಾಗದ, ಬೆನ್ನು ಬಾಗಿಸುತ್ತದೆ.

ಪ್ಲಗ್ ಕಿತ್ತವರು ಯಾರೆಂದು ನನಗೆ ಗೊತ್ತಿತ್ತು.
ಗುರುವಾರ ರಾತ್ರಿ ಒಬ್ಬಳೇ ಕೂತು
ಅನುದಾನದ ಅರ್ಜಿ ತುಂಬುತ್ತ
‘ಸಮರ್ಥ ನಿರ್ವಹಣೆ’ ಎಂಬ ಸಾಲಿನ ಹತ್ತಿರ
ಚಹಾ ಬೇಕೆನಿಸಿ
ಕೆಟಲ್‌ಗೆ ಜಾಗ ಮಾಡಿದ್ದು ಈ ಕೈ.
ಎರಡು ದಿನ ಅದನ್ನು
ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದೆ.

ಮೂರನೆಯ ನಸುಕು, ದೋಣಿ,
ತೆಂಕಣದಂಚಿಗೆ ಖಮೀಸ್ ಬೆರಳು ಚಾಚಿದ:
ಸುಹೈಲ್ ಬಂದ, ಇನ್ನು ನೀರು ತಣಿಯುತ್ತದೆ.
ನಮ್ಮಜ್ಜಿಗೆ ಅವನೇ ಅಗಸ್ತ್ಯ, ಅಂದೆ ನಾನು,
ಅವನು ಹುಟ್ಟಿದರೆ ಕೆರೆಯ ಬಗ್ಗಡ ತಿಳಿಯಾಗುತ್ತದಂತೆ.
ಶಮ್ಮಾ ದುರ್ಬೀನು ಇಳಿಸಿ ಕೇಳಿದಳು:
ತಾನಾಗಿಯೇ?

ದಂಡೆಗೆ ಬಂದವಳು ಉಪ್ಪಿನ ಕೈಯಲ್ಲೇ
ಮೊದಲ ಪುಟ ತೆರೆದು ಬರೆದೆ:
ದಿನಾಂಕ. ಹೊತ್ತು. ಕೆಟಲ್. ನನ್ನ ಹೆಸರು.

ರೊಡೆಲ್ ಓದಿದ, ಏನೂ ಅನ್ನಲಿಲ್ಲ.
ಒಂದು ವಾರ ನನ್ನ ಮುಖ ನೋಡಲಿಲ್ಲ, ಅದು ಅವನ ಹಕ್ಕು.
ಪ್ಲಗ್ಗಿಗೊಂದು ಕಬ್ಬಿಣದ ಗೂಡು ಕೂರಿಸಿ, ಬೀಗ ಜಡಿದು,
ಕೀಲಿಯನ್ನು ತಂದು
ನನಗೇ ಕೊಟ್ಟ.

ಆಮೇಲೆ ಎರಡನೆಯ ಪುಟ.
ಇಹ್ಸಾನ್: ಮೇ ತಿಂಗಳ ಎರಡು ಸಾಲು ಅದಲುಬದಲು,
ಯಾರಿಗೂ ಗೊತ್ತಾಗುತ್ತಿರಲಿಲ್ಲ.
ಶಮ್ಮಾ: ಏಳನೇ ಗೂಟದ ಹತ್ತಿರ ಅಂಬಲಿ ಮೀನಿಗೆ ಹೆದರಿ ಇಳಿಯಲಿಲ್ಲ,
ಉಷ್ಣಾಂಶ ಊಹಿಸಿ ಬರೆದೆ.
ಬ್ರಿಗಿಟ್ಟೆ ಫೋನಿನಲ್ಲಿ ಬರೆಸಿದಳು, ಲೇಬಲ್ಲಿನ ವಿಷಯವೇ.
ಖಮೀಸನಿಗೆ ಬರಹ ಬಾರದು, ಒಂದು ಮೀನು ಬಿಡಿಸಿಹೋದ;
ಅದೇನು ತಪ್ಪೋ ಇವತ್ತಿಗೂ ತಿಳಿದಿಲ್ಲ.

ಮತ್ತೆರಡು ಬೇಸಿಗೆ ಹುಲ್ಲು ಕೊಯ್ದೆವು.
ಪ್ರಬಂಧಕ್ಕೆ ಹೆಸರು ಜೋಡಿಸುವಾಗ
ಖಮೀಸನನ್ನೂ ಕೇಳಿದೆ. ಅವನೆಂದ:
ನನ್ನದು ಯಾಕೆ, ದೋಣಿಯದು ಹಾಕು,
ಇಷ್ಟು ದಿನ ಮುಳುಗದೆ ಇದ್ದದ್ದು ಅದು.
ಎರಡನ್ನೂ ಹಾಕಿದೆವು.
ದೋಣಿಯ ಹೆಸರನ್ನು ಯಾರೋ ಪರಿಶೀಲಕರು ಹೊಡೆದುಹಾಕಿದರು.
ಅದೂ ಪುಸ್ತಕದಲ್ಲಿದೆ,
ಪುಟ ಮೂವತ್ತೊಂದು.